ಬೆಲೆ ಕಿತ್ತುಕೊಂಡವರೇ ಅಕ್ಕಿ ಕೊಟ್ಟರಂತೆ!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯಲ್ಲಾದರೂ ಸರಿ, ರೇಷನ್ ಕೊಡುವ ದಿನ ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಚೀಲ ಹಿಡಿದು ಸಾಲಿನಲ್ಲಿ ನಿಂತವರು ಯಾರು? ಅಂಗೈಯಗಲ ಭೂಮಿಯೂ ಇಲ್ಲದ ಕೂಲಿಯವರು ಮಾತ್ರವೇ? ಅಲ್ಲ. ಪಹಣಿಯಲ್ಲಿ ಹೆಸರಿರುವವರು, ಎರಡೆಕರೆ ಮೂರೆಕರೆ ಉಳುವವರು, ಮೊನ್ನೆ ತಾನೇ ಲಾರಿಗೆ ಫಸಲು ತುಂಬಿ ಕಳಿಸಿದವರು ಅಲ್ಲಿ ಹೆಬ್ಬೆಟ್ಟು ಒತ್ತಲು ನಿಂತಿದ್ದಾರೆ. ಊರಿಗೆಲ್ಲ ಅನ್ನ ಬೆಳೆಯುವ ಕೈ, ತನ್ನ ಮನೆಯ ಅನ್ನಕ್ಕೆ ಚೀಲ ಚಾಚಿದೆ.

ಇದನ್ನು ನೋಡಿ ಮರುಗುವವರು ಬಹಳ ಮಂದಿ. "ಪಾಪ, ಹಳ್ಳಿ ಜನ, ಹಸಿದಿದ್ದಾರೆ" ಎಂದು ಯಾರೋ ಬಂದು ಬೇಳೆ, ಎಣ್ಣೆಯ ಕಿಟ್ ಹಂಚಿ, ಫೋಟೋ ಹಿಡಿಸಿಕೊಂಡು ಹೋಗುತ್ತಾರೆ. ಬಡವರ ಮನೆಗೆ ನಾಲ್ಕು ದಿನದ ಬೇಳೆ ಬಂದರೆ ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಭದ್ರಾ ನಾಲೆ ಹರಿಯುವ, ಸೂಳೆಕೆರೆ ತುಂಬಿರುವ, ತುಂಗಭದ್ರೆ ಬದಿಯಲ್ಲೇ ಹೋಗುವ ಈ ಸೀಮೆಯಲ್ಲಿ ಹಸಿವು ಹುಟ್ಟಿದ್ದು ಎಲ್ಲಿಂದ? ಕಾಳು ಇಲ್ಲದ್ದರಿಂದ ಅಲ್ಲ, ಸ್ವಾಮಿ. ಕಾಳಿಗೆ ಬೆಲೆ ಇಲ್ಲದ್ದರಿಂದ. ಬೆಲೆ ಕಳಕೊಂಡವನು ಸಾಲಕ್ಕೆ ಬಿದ್ದ. ಸಾಲಕ್ಕೆ ಬಿದ್ದವನು ಸಾಲ ತೀರಿಸುವ ಬೆಳೆ ಬೆಳೆದ, ಉಣ್ಣುವ ಬೆಳೆ ಬಿಟ್ಟ. ಈ ಮೂರು ಮಾತಿನಲ್ಲಿ ನಮ್ಮ ಹಸಿವಿನ ಕತೆ ಮುಗಿಯಿತು. ಉಳಿದದ್ದೆಲ್ಲ ಲೆಕ್ಕ. ಆ ಲೆಕ್ಕವನ್ನೇ ಈಗ ಹಾಕೋಣ.

ಮೊದಲು ಒಂದು ಮಾತು. ಹಿಂದೆ ಎಲ್ಲವೂ ಚೆನ್ನಾಗಿತ್ತು, ಹಗೇವು ತುಂಬಿತ್ತು, ವಾಡೆ ತುಂಬಿತ್ತು ಎಂದು ಹಾಡು ಹೇಳಲು ನಾವು ಬಂದಿಲ್ಲ. ಹಗೇವು ಇದ್ದದ್ದು ನಿಜ. ಎಲ್ಲರ ಮನೆಯಲ್ಲೂ ಇರಲಿಲ್ಲ ಎಂಬುದೂ ನಿಜ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ಹೆಣದ ರಾಶಿಯಾಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನ, 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷ ಇಳಿಯಿತು. ಆಗಲೂ ಕಾಳು ಇದ್ದ ಕಡೆ ಇತ್ತು. ಕೊಳ್ಳುವ ಕಾಸು ಇರಲಿಲ್ಲ. ಸ್ವಾತಂತ್ರ್ಯ ಬಂತು. 1960-70ರ ದಶಕಗಳಲ್ಲಿ ನಮ್ಮದೇ ಸರ್ಕಾರ ಲೆವಿ ಎಂದು ಬಂದು, ಪೇಟೆ ಧಾರಣೆಗಿಂತ ಕಡಿಮೆ ಬೆಲೆಗೆ ನಮ್ಮ ಕಣದಿಂದಲೇ ಕಾಳು ಅಳಿಸಿಕೊಂಡಿತು. ಬೇರೆ ಕಡೆ ಸಾಗಿಸಿ ನಾಲ್ಕು ಕಾಸು ಹೆಚ್ಚಿಗೆ ಮಾರೋಣವೆಂದರೆ ಚೆಕ್‌ಪೋಸ್ಟಿನಲ್ಲಿ ತಡೆಯಿತು. ಅದೇ ಕಾಲಕ್ಕೆ ಅಮೆರಿಕದ ಗೋಧಿ ಹಡಗಿನಲ್ಲಿ ಬಂತು, ನಮ್ಮ ಮಕ್ಕಳು ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದರು. ರೈತನ ಬೆಲೆ ಕಿತ್ತುಕೊಳ್ಳುವುದು, ಆಮೇಲೆ ಅವನ ಮಗುವಿಗೆ ಉಪ್ಪಿಟ್ಟು ಹಾಕುವುದು. ಈ ಆಟ ಹೊಸದಲ್ಲ.

ಲೆವಿ ಹೋಯಿತು. ಈಗ ಯಾರೂ ನಿಮ್ಮ ಕಣಕ್ಕೆ ಬಂದು ಕಾಳು ಎಳೆದುಕೊಂಡು ಹೋಗುವುದಿಲ್ಲ. ಈಗ ನೀವೇ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತೀರಿ!

ಎರಡೆಕರೆ ಮೆಕ್ಕೆಜೋಳದ ಲೆಕ್ಕ

ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. 2025-26ಕ್ಕೆ ಕೇಂದ್ರ ಸರ್ಕಾರ ಅದಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕಾಗದದ ಮೇಲೆ ಬಹಳ ಚೆನ್ನಾಗಿದೆ. 2025ರ ನವೆಂಬರ್‌ನಲ್ಲಿ, ಸುಗ್ಗಿಯ ಹೊತ್ತಿಗೆ, ರಾಜ್ಯದ ಮಾರುಕಟ್ಟೆಗಳಲ್ಲಿ ರೈತನ ಕೈಗೆ ಸಿಕ್ಕಿದ್ದೆಷ್ಟು? 1,600ರಿಂದ 1,800. ರೈತರು ರಸ್ತೆಗೆ ಇಳಿದರು, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಪತ್ರ ದೆಹಲಿ ಮುಟ್ಟುವುದರೊಳಗೆ ಸಣ್ಣ ರೈತನ ಕಾಳು ದಲಾಲಿ ಮಂಡಿ ಮುಟ್ಟಿತ್ತು. ಗೊಬ್ಬರದಂಗಡಿ ಬಾಕಿ ಕಾಯುತ್ತದೆಯೇ? ಸೊಸೈಟಿ ಕಂತು ಕಾಯುತ್ತದೆಯೇ?

ಪೆನ್ನು ತಗೊಳ್ಳಿ. ಸರಾಸರಿ 1,700 ಎಂದೇ ಹಿಡಿಯಿರಿ. ಕ್ವಿಂಟಲ್‌ಗೆ 700 ಖೋತಾ. ಎಕರೆಗೆ 20 ಕ್ವಿಂಟಲ್ ಬಂತು ಅನ್ನಿ, ಎಕರೆಗೆ 14,000 ಹೋಯಿತು. ಎರಡೆಕರೆಗೆ 28,000.

ಈಗ ಆ ಕಡೆ ಲೆಕ್ಕ. 2025ರಲ್ಲಿ ಅನ್ನಭಾಗ್ಯದಲ್ಲಿ ತಲೆಗೆ ತಿಂಗಳಿಗೆ 10 ಕಿಲೋ ಅಕ್ಕಿ ಕೊಟ್ಟರು. ಐದು ಜನರ ಮನೆಗೆ 50 ಕಿಲೋ, ವರ್ಷಕ್ಕೆ 600 ಕಿಲೋ. 2023ರಲ್ಲಿ ಅಕ್ಕಿ ಸಿಗದೆ ಸರ್ಕಾರವೇ ಕಿಲೋಗೆ 34 ರೂಪಾಯಿಯಂತೆ ಹಣ ಹಾಕಿತ್ತಲ್ಲ, ಅದೇ ದರ ಹಿಡಿಯಿರಿ. ವರ್ಷದ ಅಕ್ಕಿಗೆ 20,400 ರೂಪಾಯಿ.

ಏನಾಯಿತು? ಎರಡೆಕರೆಯವನ ಕಣದಲ್ಲಿ 28,000 ಕಿತ್ತುಕೊಂಡು, ಅವನ ಅಡಿಗೆ ಮನೆಗೆ 20,400 ಕೊಟ್ಟರು. ಎಡಗೈಯಲ್ಲಿ ಕಸಿದದ್ದು ಹೆಚ್ಚು, ಬಲಗೈಯಲ್ಲಿ ಕೊಟ್ಟದ್ದು ಕಡಿಮೆ. ಇದಕ್ಕೆ ಭಾಗ್ಯ ಎಂದು ಹೆಸರು! ವರ್ಷ ಪೂರ್ತಿ ಮನೆಮಂದಿಗೆಲ್ಲ ಪುಕ್ಕಟೆ ಅಕ್ಕಿ ಪಡೆದ ಮೇಲೂ ಈ ರೈತ ಸರ್ಕಾರಕ್ಕೆ ಋಣಿಯಲ್ಲ. ಸರ್ಕಾರವೇ ಅವನಿಗೆ 7,600 ರೂಪಾಯಿ ಬಾಕಿ. 1980ರ ದಶಕದಲ್ಲಿ ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂದು ಹಳ್ಳಿಹಳ್ಳಿಯಲ್ಲಿ ಕೂಗಿದ್ದು ಬರೀ ಘೋಷಣೆಯಲ್ಲ. ಲೆಕ್ಕ ಹಾಕಿಯೇ ಕೂಗಿದ್ದು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಹಸಿವು

ಚನ್ನಗಿರಿಯವರು ಅಂತಾರೆ: "ನಮಗೇನ್ರಿ, ಅಡಿಕೆ ಐತಿ. ಕ್ವಿಂಟಲ್‌ಗೆ ಅರ್ಧ ಲಕ್ಷ." ಒಪ್ಪಿದೆವು. ಭತ್ತದ ಗದ್ದೆಗಳಿಗೆ ಮಣ್ಣು ಹೊಡೆಸಿ ಅಡಿಕೆ ಇಟ್ಟಿದ್ದೀರಿ. ಯಾಕೆ ಇಟ್ಟಿರಿ ಎಂಬುದೂ ಗೊತ್ತು. ಭತ್ತ ಕೂಲಿಗೂ ಗಿಟ್ಟದೆ ಹೋದಾಗ ಇನ್ನೇನು ಮಾಡುತ್ತೀರಿ? ಆದರೆ 2023ರ ಬರ ನೆನಪಿದೆಯಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿದ ವರ್ಷ. ಭದ್ರಾ ನೀರಿಗಾಗಿ ರೈತರು ಬೀದಿಗಿಳಿದ ವರ್ಷ. ಮರುವರ್ಷದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತೋಟಕ್ಕೆ ಹಾಯಿಸಿದಿರಿ. ಬೋರು ಕೊರೆಸಿದ ಸಾಲ, ಟ್ಯಾಂಕರಿನ ಸಾಲ, ಜೊತೆಗೆ ಅಂಗಡಿಯಿಂದ ಅಕ್ಕಿ, ಅಂಗಡಿಯಿಂದ ಬೇಳೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ನಿಮಗೆ ಹೇಳುವ ಧೈರ್ಯ ನಮಗಿಲ್ಲ. ಆದರೆ ಒಂದು ಬೆಳೆ, ಒಂದು ಧಾರಣೆ, ಒಂದು ನಾಲೆ. ಇದರ ಮೇಲೆ ಇಡೀ ಮನೆಯ ಊಟ ನಿಂತಿದೆ. ಇದನ್ನು ಭದ್ರತೆ ಎನ್ನುತ್ತೀರಾ?

ಹೊನ್ನಾಳಿ, ನ್ಯಾಮತಿಯಲ್ಲಿ ನೀರಿದ್ದ ಕಡೆ ಭತ್ತ, ಅಡಿಕೆ. ನೀರಿಲ್ಲದ ಕಡೆ ಮೆಕ್ಕೆಜೋಳ. ನದಿ ದಂಡೆಯ ಹೊಲಕ್ಕೂ ಗುಡ್ಡದಂಚಿನ ತಾಂಡಾದ ಹೊಲಕ್ಕೂ ಬಹಳ ಅಂತರವಿದೆ. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ಇದೇ ನ್ಯಾಮತಿ ತಾಲ್ಲೂಕಿನಲ್ಲಿ. ಜಾತ್ರೆಗೆ ಲಕ್ಷ ಜನ ಬರುತ್ತಾರೆ, ಮಂತ್ರಿಗಳು ಬರುತ್ತಾರೆ. ಜಾತ್ರೆ ಮುಗಿದ ಮೇಲೆ ಸೀಮೆಯ ತಾಂಡಾಗಳನ್ನು ಹೋಗಿ ನೋಡಿ. ಹರೆಯದವರು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೋಗಿರುತ್ತಾರೆ. ಎಳೆಮಕ್ಕಳು ಅಪ್ಪ-ಅವ್ವನ ಹಿಂದೆ ಹೋಗುತ್ತವೆ. ಅಂಗನವಾಡಿಯ ಊಟ ಇಲ್ಲಿ, ಮಗು ಅಲ್ಲಿ.

ಜಗಳೂರಿನದು ಬೇರೆಯೇ ಕತೆ. ಬೆದ್ದಲು ಸೀಮೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕೂಗಿದರು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು. ಘೋಷಣೆಯಿಂದ ಹೊಲ ತೋಯುವುದಿಲ್ಲ. ಇದೇ ಜಗಳೂರಿನಲ್ಲಿ ಸಜ್ಜೆ, ನವಣೆ, ಸಾವೆ, ರಾಗಿ, ಬಿಳಿಜೋಳ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಕಾಳೂ ಬರುತ್ತಿತ್ತು, ಬೇಳೆಯೂ ಬರುತ್ತಿತ್ತು, ದನಕ್ಕೆ ಸೊಪ್ಪೆಯೂ ಆಗುತ್ತಿತ್ತು. ಆ ಹೊಲಕ್ಕೆ ಕಳೆನಾಶಕ ಹೊಡೆದು ಒಂದೇ ಜಾತಿಯ ಬೀಜ ಹಾಕಿದ ಮೇಲೆ ಅಕ್ಕಡಿ ಎಲ್ಲಿ ಉಳಿಯಬೇಕು?

ಜಗಳೂರಿನವರಿಗೆ ಇನ್ನೊಂದು ಪೆಟ್ಟು ಇದೆ. ಬಿ.ಪಿ.ಎಲ್. ಕಾರ್ಡಿಗೆ 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇರಕೂಡದು ಎಂದು ಕಾನೂನು. ಅಂದರೆ ಸುಮಾರು ಏಳೂವರೆ ಎಕರೆ. ಎಂಟೆಕರೆ ಕಲ್ಲುಭೂಮಿ ಇಟ್ಟುಕೊಂಡು, ಬಿತ್ತಿದ ಬೀಜವೂ ವಾಪಸು ಬಾರದವನು ಸರ್ಕಾರದ ಲೆಕ್ಕದಲ್ಲಿ ಶ್ರೀಮಂತ! ಈ ಕಾನೂನು ಬರೆದವರು ಜಗಳೂರಿನ ಬೆದ್ದಲಿನಲ್ಲಿ ಒಂದು ಮುಂಗಾರು ಕಳೆದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಕೂಲಿಯವರ ಮೇಲೆ ಯಾಕೆ ಸಿಟ್ಟು?

ಈಗ ನಿಮಗೆ ಹಿಡಿಸದ ಒಂದು ಮಾತು ಹೇಳುತ್ತೇವೆ. ಅರಳೀಕಟ್ಟೆ ಮೇಲೆ ಕೂತು ನಮ್ಮಲ್ಲೇ ಬಹಳ ಜನ ಅಂತಾರೆ: "ಪುಕ್ಕಟೆ ಅಕ್ಕಿ ಕೊಟ್ಟು ಆಳುಗಳನ್ನ ಸೋಮಾರಿ ಮಾಡಿಬಿಟ್ರು. ಕಳೆ ಕೀಳೋಕೆ ಜನ ಸಿಗ್ತಿಲ್ಲ." ಕೈ ಎದೆ ಮೇಲೆ ಇಟ್ಟು ಹೇಳಿ. ಹಾಗೆ ಅಂದವರಲ್ಲಿ ಎಷ್ಟು ಮಂದಿಯ ಮನೆಗೆ ಅದೇ ಅಂಗಡಿಯ ಅಕ್ಕಿ ಬರುತ್ತಿಲ್ಲ? ಅದೇ ಅಕ್ಕಿ ನಿಮ್ಮ ಮನೆಗೆ ಬಂದರೆ ಹಕ್ಕು, ಕೇರಿಗೆ ಹೋದರೆ ಸೋಮಾರಿತನವೇ?

ಹೊಟ್ಟೆಗೆ ಇಲ್ಲದವನು ಅಗ್ಗಕ್ಕೆ ದುಡಿಯುತ್ತಾನೆ ಎಂದು ನಂಬಿ ಬೇಸಾಯ ಮಾಡುವುದು ಹಳೇ ಜಮೀನ್ದಾರನ ಬುದ್ಧಿ. 1974ರ ಭೂಸುಧಾರಣೆಯಲ್ಲಿ ಗೇಣಿ ಹೋಗಿ ಹೊಲದೊಡೆಯರಾದವರ ಮಕ್ಕಳು ಅದೇ ಬುದ್ಧಿ ಕಲಿಯಬಾರದು. ನೀವು ಕೂಲಿ ಹೆಚ್ಚಿಗೆ ಕೊಡಲಾಗದ್ದು ಅವರ ತಪ್ಪಲ್ಲ. ನಿಮ್ಮದೂ ಅಲ್ಲ. ಮಂಡಿಯಲ್ಲಿ 700 ರೂಪಾಯಿ ಕಳಕೊಂಡು ಬಂದವನು ಕೂಲಿಗೆ ಎಲ್ಲಿಂದ ತರುತ್ತಾನೆ? ಮೇಲಿನವನು ನಿಮ್ಮ ಕತ್ತು ಹಿಚುಕಿದ, ನೀವು ತಿರುಗಿ ಕೂಲಿಯವನ ಕಡೆ ಗುರುಗುಟ್ಟಿದಿರಿ. ಹಿಚುಕಿದವನು ದೂರ ನಿಂತು ನಗುತ್ತಿದ್ದಾನೆ.

ಇನ್ನೂ ಒಂದು. ಅಕ್ಕಿಯೊಂದರಿಂದ ಹೊಟ್ಟೆ ತುಂಬಬಹುದು, ಮೈ ತುಂಬುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲ. ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಹೆಂಗಸರಲ್ಲಿ ನೂರಕ್ಕೆ 48. ಹತ್ತು ಕಿಲೋ ಅಕ್ಕಿ ಕೊಟ್ಟರೂ ರಕ್ತ ಯಾಕಿಲ್ಲ? ರಾಗಿ ಇಲ್ಲ, ಜೋಳ ಇಲ್ಲ, ಬೇಳೆ ಇಲ್ಲ, ಕಾಳು ಇಲ್ಲ, ಸೊಪ್ಪು ಇಲ್ಲ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೇ ಜ್ಞಾನೋದಯವಾಗಿ, ಹೆಚ್ಚುವರಿ 5 ಕಿಲೋ ಅಕ್ಕಿ ಬದಲು ಬೇಳೆ, ಕಾಳು, ಎಣ್ಣೆಯ ಕಿಟ್ ಕೊಡುವುದೆಂದು ಸಂಪುಟದಲ್ಲಿ ತೀರ್ಮಾನಿಸಿತು. ಒಳ್ಳೆಯದೇ. ನಾವು ಕೇಳುವುದು ಇಷ್ಟೆ: ಆ ಬೇಳೆ ಯಾರ ಹೊಲದ್ದು? ಟೆಂಡರು ಹಿಡಿದ ವ್ಯಾಪಾರಿ ಎಲ್ಲಿಂದಲೋ ತಂದದ್ದೋ, ಜಗಳೂರಿನ ತೊಗರಿಯೋ?

ಕೊಳ್ಳುವವರ ನಾಟಕ

ಸರ್ಕಾರಕ್ಕೆ ಕೊಳ್ಳಲು ಬಾರದು ಎನ್ನಬೇಡಿ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. 2023ರ ಜೂನ್‌ನಲ್ಲಿ ಕರ್ನಾಟಕ ಕಿಲೋಗೆ 34 ರೂಪಾಯಿ ಕೊಡುತ್ತೇವೆ, ಬಡವರಿಗೆ ಅಕ್ಕಿ ಕೊಡಿ ಎಂದಾಗ ಕೇಂದ್ರ ಇಲ್ಲ ಎಂದಿತು. 2025ರ ಜನವರಿ ಹೊತ್ತಿಗೆ ಗೋದಾಮು ತುಂಬಿ ತುಳುಕಿ, ಅದೇ ಆಹಾರ ನಿಗಮದ ಅಕ್ಕಿಯನ್ನು ಎಥನಾಲ್ ಭಟ್ಟಿಗಳಿಗೆ ಕ್ವಿಂಟಲ್‌ಗೆ 2,250ಕ್ಕೆ ಕೊಡಲು ಹೊರಟಿತು. ರಾಜ್ಯಗಳಿಗೂ ಅದೇ ದರ ಎಂದಿತು. ಮನುಷ್ಯನ ಬಾಯಿಗೂ ಮೋಟಾರಿನ ಬಾಯಿಗೂ ಒಂದೇ ಧಾರಣೆ! ಮೆಕ್ಕೆಜೋಳಕ್ಕೆ 2,400 ಬೆಂಬಲ ಬೆಲೆ ಎಂದು ಒಂದು ಕೈಯಲ್ಲಿ ಬರೆದು, ಇನ್ನೊಂದು ಕೈಯಲ್ಲಿ ಭಟ್ಟಿಗೆ ಅದಕ್ಕಿಂತ ಅಗ್ಗದ ಅಕ್ಕಿ ಕೊಟ್ಟರೆ, ಭಟ್ಟಿಯವನು ನಿಮ್ಮ ಮೆಕ್ಕೆಜೋಳಕ್ಕೆ ಯಾಕೆ ಬೆಲೆ ಏರಿಸುತ್ತಾನೆ?

ರಾಜ್ಯದ್ದೂ ಸಾಚಾ ಅಲ್ಲ. ರಾಗಿಗೆ 2025-26ರ ಬೆಂಬಲ ಬೆಲೆ 4,886. ಮೆಕ್ಕೆಜೋಳದ ಎರಡರಷ್ಟು. ಹಾಗಾದರೆ ಎಲ್ಲರೂ ರಾಗಿ ಯಾಕೆ ಹಾಕುವುದಿಲ್ಲ? ರಾಗಿ ಬೆಳೆದವನು ಎಫ್.ಐ.ಡಿ. ಮಾಡಿಸಬೇಕು, ಹೆಸರು ನೋಂದಾಯಿಸಬೇಕು, ಖರೀದಿ ಕೇಂದ್ರ ತೆರೆಯುವ ತನಕ ತಿಂಗಳುಗಟ್ಟಲೆ ಕಾಯಬೇಕು, ಚೀಲಕ್ಕೆ ಕಾಯಬೇಕು, ಹಣಕ್ಕೆ ಕಾಯಬೇಕು. 2022ರಲ್ಲಿ ಸಣ್ಣ ರೈತರ ರಾಗಿಯನ್ನು ಮಾತ್ರ, ಅದೂ ಒಬ್ಬರಿಂದ 20 ಕ್ವಿಂಟಲ್ ಮಾತ್ರ ಎಂದು ಕಟ್ಟು ಹಾಕಿ, ರೈತರು ಖರೀದಿ ಕೇಂದ್ರದ ಮುಂದೆ ಧರಣಿ ಕೂರುವಂತೆ ಮಾಡಿದರು. ಸಾಲ ಇರುವವನು ಕಾಯಲಾರ. ಕಾಯಲಾರದವನಿಗೆ ಬೆಂಬಲ ಬೆಲೆ ಇಲ್ಲ. ಅವನ ರಾಗಿಯನ್ನು ಕಡಿಮೆಗೆ ಕೊಂಡು ಕಾಯುವವನು ವ್ಯಾಪಾರಿ. 2023ನ್ನು ಜಗತ್ತಿಗೆಲ್ಲ ಸಿರಿಧಾನ್ಯ ವರ್ಷ ಎಂದು ಸಾರಿದರು. ಪಟ್ಟಣದ ಮೇಳದಲ್ಲಿ ನವಣೆ ಲಾಡು ತಿಂದರು. ನವಣೆ ಬೆಳೆದವನ ಊರಿನ ರೇಷನ್ ಅಂಗಡಿಯಲ್ಲಿ ನವಣೆ ಸಿಗಲಿಲ್ಲ.

ಬ್ಯಾಂಕಿನವರೂ ಅಷ್ಟೆ. ಎಕರೆ ಅಡಿಕೆಗೆ ಕೊಡುವ ಸಾಲಕ್ಕೂ ಎಕರೆ ರಾಗಿಗೆ ಕೊಡುವ ಸಾಲಕ್ಕೂ ಅಜಗಜಾಂತರ. ಉಣ್ಣುವ ಬೆಳೆಗೆ ಸಾಲ ಕಡಿಮೆ, ಮಾರುವ ಬೆಳೆಗೆ ಹೆಚ್ಚು. ಸಹಕಾರಿ ಸೊಸೈಟಿಯ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಕಾಗದ ಸರಿಯಿಲ್ಲದ ಸಣ್ಣವನಿಗೆ, ಭೂಮಿಯಿಲ್ಲದವನಿಗೆ ಅದು ಸಿಗುವುದಿಲ್ಲ. ಅವನ ಹೆಂಡತಿ ಮೈಕ್ರೋ ಫೈನಾನ್ಸಿನ ವಾರದ ಕಂತು ಕಟ್ಟುತ್ತಾಳೆ. ವಸೂಲಿಯ ಕಾಟ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಂತು ಕಟ್ಟುವ ವಾರ ಆ ಮನೆಯಲ್ಲಿ ಮೊದಲು ನಿಲ್ಲುವುದು ಏನು ಗೊತ್ತೇ? ಬೇಳೆ. ಆಮೇಲೆ ಹಾಲು. ಸಾಲದ ಬಡ್ಡಿ ಮಗುವಿನ ತಟ್ಟೆಯಿಂದ ಹೋಗುತ್ತದೆ.

ನಾವು ಕೇಳಬೇಕಾದ್ದು

ಇಷ್ಟೆಲ್ಲ ಹೇಳಿದ್ದು ಅಳುವುದಕ್ಕಲ್ಲ. ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು.

ಒಂದು: ಸುಗ್ಗಿ ಶುರುವಾದ ದಿನವೇ ಹೋಬಳಿಗೊಂದು ಖರೀದಿ ಕೇಂದ್ರ ತೆರೆಯಬೇಕು. ರಾಗಿ, ಬಿಳಿಜೋಳ, ಸಜ್ಜೆ, ತೊಗರಿ, ಮೆಕ್ಕೆಜೋಳ ಎಲ್ಲಕ್ಕೂ. ಮಿತಿ ಹಾಕಕೂಡದು.

ಎರಡು: ಒಂದು ತಾಲ್ಲೂಕಿನಲ್ಲಿ ಕೊಂಡ ಕಾಳು, ಬೇಳೆ ಮೊದಲು ಅದೇ ತಾಲ್ಲೂಕಿನ ನ್ಯಾಯಬೆಲೆ ಅಂಗಡಿ, ಶಾಲೆ, ಅಂಗನವಾಡಿಗೆ ಹೋಗಬೇಕು. ಜಗಳೂರಿನ ಮಗು ಜಗಳೂರಿನ ರಾಗಿ, ಜಗಳೂರಿನ ತೊಗರಿ ತಿನ್ನಲಿ. ಲಾರಿ ಬಾಡಿಗೆ ಉಳಿಯುತ್ತದೆ, ರೈತನಿಗೆ ಬೆಲೆ ಸಿಗುತ್ತದೆ, ಮಗುವಿಗೆ ರಕ್ತ ಬರುತ್ತದೆ.

ಮೂರು: ಬೆಂಬಲ ಬೆಲೆಗಿಂತ ಕೆಳಗೆ ಹರಾಜು ಕೂಗುವುದು ಅಪರಾಧ ಎಂದು ಕಾನೂನಾಗಬೇಕು. ಬೆಲೆ ಗೊತ್ತುಮಾಡುವ ಅಧಿಕಾರವಿದ್ದ ಮೇಲೆ ಕೊಡಿಸುವ ಹೊಣೆಯೂ ಇರಬೇಕು.

ನಾಲ್ಕು: ಅಕ್ಕಡಿ ಹಾಕಿ ಉಣ್ಣುವ ಬೆಳೆ ಬೆಳೆಯುವವನಿಗೆ ತೋಟದವನಿಗೆ ಸಮನಾಗಿ ಸಾಲ ಸಿಗಬೇಕು. ಬೆದ್ದಲು ಸೀಮೆಯಲ್ಲಿ ರೇಷನ್ ಕಾರ್ಡಿನ 3 ಹೆಕ್ಟೇರ್ ಕಟ್ಟು ಹೋಗಬೇಕು.

ಬೇಡಿಕೆಯ ಜೊತೆ ನಮ್ಮ ಕೆಲಸವೂ ಇದೆ. ಎಷ್ಟೇ ಮೆಕ್ಕೆಜೋಳ ಹಾಕಿ, ಎಷ್ಟೇ ಅಡಿಕೆ ಇಡಿ, ಮನೆಯ ಊಟಕ್ಕೆಂದು ಒಂದು ಎಕರೆ ಬಿಡಿ. ಅಲ್ಲಿ ರಾಗಿಯೋ ಜೋಳವೋ ನಿಮ್ಮಿಷ್ಟ. ಅಕ್ಕಡಿ ಸಾಲು ಮಾತ್ರ ತಪ್ಪಿಸಬೇಡಿ. ಯಾವ ಬೀಜ ಇಡಬೇಕು ಎಂಬುದನ್ನು ಮನೆಯ ಹೆಂಗಸರನ್ನು ಕೇಳಿ, ಅವರಿಗೆ ಗೊತ್ತು. ಕೂಲಿಯನ್ನು ಹಣದಲ್ಲೇ ಕೊಡಿ. ಕಾಳು ಬೇಕು ಎಂದ ಕೂಲಿಯವರಿಗೆ ಅಂಗಡಿ ಬೆಲೆಗಲ್ಲ, ನೀವು ಮಂಡಿಯಲ್ಲಿ ಪಡೆಯುವ ಬೆಲೆಗೆ ಕಣದಲ್ಲೇ ಅಳೆದು ಕೊಡಿ. ಆಗ ಬೆಲೆಯ ಹೋರಾಟಕ್ಕೆ ಕೇರಿಯೂ ನಿಮ್ಮ ಜೊತೆ ಬರುತ್ತದೆ. ಸೊಸೈಟಿಯ ಸರ್ವಸದಸ್ಯರ ಸಭೆಗೆ ಉಪ್ಪಿಟ್ಟು-ಕಾಫಿಗಾಗಿ ಹೋಗಬೇಡಿ, ಸಾಲದ ಪ್ರಮಾಣದ ಪ್ರಶ್ನೆ ಕೇಳಲು ಹೋಗಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮೂರ ಶಾಲೆಯ ಬೇಳೆ ಎಲ್ಲಿಂದ ಬಂತು, ನಮ್ಮೂರ ತೊಗರಿ ಎಲ್ಲಿಗೆ ಹೋಯಿತು?

ಉತ್ತರ ಕೊಡಲಾಗದ ಅಧಿಕಾರಿ ತಲೆ ತಗ್ಗಿಸುತ್ತಾನೆ. ಒಂದು ಊರಿನಲ್ಲಿ ಕೇಳಿದರೆ ಮುಂದಿನ ಸಭೆಗೆ ಮರೆಯುತ್ತಾನೆ. ನಾಲ್ಕು ತಾಲ್ಲೂಕುಗಳ ಪ್ರತಿ ಗ್ರಾಮಸಭೆಯಲ್ಲೂ ಒಂದೇ ಪ್ರಶ್ನೆ ಎದ್ದರೆ ಮರೆಯಲು ಬಿಡುವು ಸಿಗುವುದಿಲ್ಲ.

ರೈತ ಬಾಂಧವರೆ, ಅಕ್ಕಿ ಬೇಡ ಎನ್ನಬೇಡಿ. ಅದು ಯಾರಪ್ಪನ ಮನೆಯದೂ ಅಲ್ಲ, ನಮ್ಮಂಥವರೇ ಬೆಳೆದದ್ದು. ಆದರೆ ಅಕ್ಕಿ ತಗೊಂಡ ಕೈಯಲ್ಲೇ ಬೆಲೆಯನ್ನೂ ಕೇಳಿ. ಬೆಲೆ ಸಿಕ್ಕ ದಿನ ಅಂಗಡಿ ಮುಂದಿನ ಸಾಲು ತಾನಾಗಿ ಸಣ್ಣದಾಗುತ್ತದೆ. ಅಲ್ಲಿಯ ತನಕ ಭಾಗ್ಯ ಕೊಟ್ಟೆವು ಎಂದು ಯಾರೇ ಬಂದು ಭಾಷಣ ಮಾಡಿದರೂ, ಎರಡೆಕರೆಯ ಲೆಕ್ಕದ ಚೀಟಿಯನ್ನು ಅವರ ಕೈಗೆ ಕೊಡಿ. 28,000ದಲ್ಲಿ 20,400 ಕಳೆದರೆ ಎಷ್ಟು ಉಳಿಯಿತು ಎಂದು ಅವರ ಬಾಯಲ್ಲೇ ಹೇಳಿಸಿ.